ಬಾಯಿಗೊಂದು ಕಿಟಕಿ

೨೫ ಅಕ್ಟೋಬರ್ ೨೦೨೧, ಸೋಮವಾರ

ಇಂದು ಸೋಮವಾರದ ನೋಂಬು, ಸೂರ್ಯ ಮುಳುಗುವವರೆಗೆ ಉಪವಾಸ. ಬೆಳಗಿನ ಜಾವ ನಿನ್ನೆಯ ಗಂಜಿ ಕುಡಿದು ನೋಂಬಿನ ಸಂಕಲ್ಪದ ನಿಯ್ಯತ್ ಮಾಡಿದೆ. ಸುಬಹಿ ನಮಾಝ್ ಆದ ಮೇಲೆ ಅಂಗಳ ಗುಡಿಸಿ, ಕೋಳಿಗಳನ್ನು ಬಿಟ್ಟು, ಅಕ್ಕಿ ಅರೆದು, ಇವರಿಗೂ ಸೊಸೆ ಹಫ್ಸಾಳಿಗೂ ನೀರುದೋಸೆ ಹೊಯ್ದೆ. ನೋಂಬಿನ ದಿನ ಸಾರಿನ ಉಪ್ಪು ನೋಡುವ ಹಾಗಿಲ್ಲ. ಇವರು ತಿನ್ನುವಾಗ ಮುಖ ನೋಡಿ ತಿಳಿದುಕೊಳ್ಳಬೇಕು. ಇವರ ಮುಖವೋ, ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಒಂದೇ ಥರ.

ಸಣ್ಣ ಮಕ್ಕಳ ಶಾಲೆ ಇಂದು ತೆರೆಯಿತು. ನಮ್ಮ ಮೊಮ್ಮಗಳು ಝಹ್ರಾ ಎರಡನೇ ಕ್ಲಾಸು. ಇಷ್ಟು ದಿನ ಶಾಲೆ ಎಂದರೆ ಮೊಬೈಲು. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಿವಿ ಮಂದವಾದ ಹುಡುಗಿ, ಮಿಷನ್ ಹಾಕಿದರೂ ಅರ್ಧ ಮಾತು ಕಿವಿಗೆ, ಅರ್ಧ ಕಣ್ಣಿಗೆ. ಆದರೂ ಮೊಬೈಲನ್ನು ಮೂಗಿಗೆ ತಾಗಿಸಿ ಹಿಡಿದು ಏವ್ರಿಲ್ ಟೀಚರು ಹೇಳಿದ್ದನ್ನೆಲ್ಲ ಕಲಿತಳು. ಪಾಠ ಮುಗಿದ ಮೇಲೆ ಮೊಬೈಲಿಗೆ ಮುತ್ತು ಕೊಡುವುದು ಬೇರೆ. ಇಂದು ಕುಣಿದುಕೊಂಡು ಹೋದವಳು ಮೋರೆ ಉಬ್ಬಿಸಿಕೊಂಡು ಬಂದಳು.

"ಏವ್ರಿಲ್ ಮಿಸ್ ಬರ್ಲೇ ಇಲ್ಲ ಉಮ್ಮಮ್ಮ. ಬೇರೆ ಯಾರೋ ಬಂದಿದ್ರು."

ಹಫ್ಸಾ ಫೋನ್ ಮಾಡಿ ಕೇಳಿದಳು. ಬಂದದ್ದು ಅದೇ ಏವ್ರಿಲ್ ಟೀಚರು. "ಮಾಸ್ಕ್ ಹಾಕಿದ್ರಂತೆ ಮಾಮಿ," ಎಂದಳು. ನನಗೆ ಮೊದಲು ನಗು ಬಂತು. ಆಮೇಲೆ ಬಂದ ಕೋಪ ಇನ್ನೂ ಇಳಿಯಲಿಲ್ಲ. ಒಂದು ಇಡೀ ದಿನ ಎದುರು ನಿಂತವರನ್ನು ಮಗು ಗುರುತಿಸಲಿಲ್ಲ, ಅದು ಅವರಿಗೆ ಗೊತ್ತೂ ಆಗಲಿಲ್ಲ!

ಮನೆಯಲ್ಲಿ ಮಾತ್ರ ಇಂದು ಚಿನ್ನದಂಥ ಹುಡುಗಿ. ಕೈಕಾಲು ತೊಳಿ ಎಂದರೆ ತೊಳೆದಳು, ನಮಾಝಿಗೆ ಹಾಸುವ ಮುಸಲ್ಲ ತಾ ಎಂದರೆ ತಂದಳು. ನೋಂಬು ತೆರೆಯುವಾಗ ಖರ್ಜೂರ ಅವಳೇ ನನ್ನ ಕೈಯಲ್ಲಿ ಇಟ್ಟಳು. ನೋಂಬಿನ ದಿನ ನನ್ನ ಮಾತಿಗೆ ಒಂದು ಬರ್ಕತ್ ಉಂಟು. ನಾನು ಇದನ್ನು ತುಂಬಾ ಸಲ ಕಂಡಿದ್ದೇನೆ.

೨೭ ಅಕ್ಟೋಬರ್, ಬುಧವಾರ

ಜಗಳ ಮಾಡಲಿಕ್ಕೆ ಯಾರೂ ಸಿಗದಿದ್ದಾಗ ನಾನು ಇಲ್ಲಿ ಬರೆಯುವುದು. ಇಂದು ಸಿಕ್ಕಿದ್ದರು, ಆದರೂ ಬರೆಯುತ್ತೇನೆ.

ತೆಂಗಿನಕಾಯಿ ತುರಿಯುವ ಮಣೆಯ ಕಾಲು ಮುರಿದಿದೆ. ಪಕ್ಕದ ಮನೆಯ ಬೀಫಾತಿಮ್ಮಳ ಮಣೆ ತಾ ಎಂದು ಒಲೆಯ ಹತ್ತಿರದಿಂದಲೇ ಝಹ್ರಾಳಿಗೆ ಹೇಳಿದೆ. ಬಾಯಲ್ಲಿ ಎಲೆ ಅಡಿಕೆ ಇತ್ತು, ಕೈಯಲ್ಲಿ ಮೀನು ಇತ್ತು, ತಿರುಗಿ ನೋಡಲಿಕ್ಕೆ ಪುರುಸೊತ್ತು ಎಲ್ಲಿ? ಮತ್ತೆ ಮತ್ತೆ ಕೂಗಿದೆ. ಹೋದಳು. ಬರುವಾಗ ಕೈಯಲ್ಲಿ ಒಂದು ಹಿಡಿ ಬೇವಿನ ಸೊಪ್ಪು! ಹಿಂದೆಯೇ ಬೀಫಾತಿಮ್ಮ, ತಲೆಗೆ ಹೊದ್ದದ್ದರ ತುದಿಯನ್ನು ಮೂಗಿನವರೆಗೆ ಎಳೆದುಕೊಂಡು, ಕಾಯಿಲೆಯ ಹೆದರಿಕೆಗೆ.

"ಇವಳ ಹತ್ರ ಮಾತು ಕಳಿಸ್ಬೇಡ ಮಾರಾಯ್ತಿ. ಚೀಟಿ ಕಳಿಸು."

ನನಗೆ ಮೆಣಸು ಅರೆದು ಕಣ್ಣಿಗೆ ಹಾಕಿದ ಹಾಗೆ ಆಯಿತು. ನಮ್ಮ ಕೇರಿಯಲ್ಲಿ ಹೆಣ್ಣುಮಕ್ಕಳು ನಡೆಯಲಿಕ್ಕೆ ಕಲಿತ ಮೇಲೆ ಮೊದಲು ಕಲಿಯುವುದು ಮಾತು ಕೊಂಡುಹೋಗುವುದು. ಮದುವೆಗೆ ಕರೆಯುವುದಿರಲಿ, ಮೀನು ಬಂತಾ ಎಂದು ಕೇಳುವುದಿರಲಿ, ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗುವುದು ಹುಡುಗಿಯರ ಬಾಯಲ್ಲಿ. ಕೇಳಿದ್ದನ್ನು ಕೇಳಿದ ಹಾಗೆ ಹೇಳುವವಳು ಬುದ್ಧಿವಂತೆ. ನನ್ನ ಮೊಮ್ಮಗಳಿಗೆ ಚೀಟಿಯಂತೆ!

ಬೀಫಾತಿಮ್ಮಳನ್ನು ಬೈದೆ. ಝಹ್ರಾಳನ್ನೂ ಬೈದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು.

೯ ನವೆಂಬರ್, ಮಂಗಳವಾರ

ಶಾಲೆಯಿಂದ ಫೋನ್. ಹೆಡ್ ಮಿಸ್ ಅವರೇ ಮಾತಾಡಿದ್ದು. ಝಹ್ರಾ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಎಲ್ಲರೂ ನಕ್ಕ ಮೇಲೆ ನಗುತ್ತಾಳೆ. ಇಂದು ಎದ್ದು ಹೋಗಿ ಟೀಚರ ಮಾಸ್ಕಿಗೆ ಕೈ ಹಾಕಿ ಎಳೆದಳಂತೆ. ಬಾಗಿಲ ಹತ್ತಿರ ನಿಲ್ಲಿಸಿದ್ದಾರೆ. ಕ್ರಿಸ್ಮಸ್ ರಜೆಯವರೆಗೆ ನೋಡುತ್ತಾರಂತೆ. ಸರಿಯಾಗದಿದ್ದರೆ ಒಂದನೇ ಕ್ಲಾಸಿನಲ್ಲಿ ಕೂರಿಸುವುದು, ಇಲ್ಲವೇ "ಅಂಥ ಮಕ್ಕಳ" ಶಾಲೆಗೆ ಸೇರಿಸುವುದು.

ಹಫ್ಸಾ ಇಷ್ಟಕ್ಕೂ "ಯೆಸ್ ಮಿಸ್, ಯೆಸ್ ಮಿಸ್" ಎಂದಳು.

"ಬಿ.ಕಾಂ. ಮಾಡಿದ್ದು ಯೆಸ್ ಹೇಳ್ಲಿಕ್ಕಾ?" ಎಂದು ಕೇಳಿದೆ.

"ಮತ್ತೆಂತ ಹೇಳ್ಬೇಕು ಮಾಮಿ? ಅವರು ಹೆಡ್ ಮಿಸ್."

ದಮ್ಮಾಮಿನಲ್ಲಿರುವ ಮಗ ಮುಝಮ್ಮಿಲ್‌ನಿಗೆ ಫೋನ್ ಮಾಡಿದರೆ ಅವನು, "ಉಮ್ಮಾ, ನೀವು ಗಲಾಟೆ ಮಾಡ್ಬೇಡಿ ಆಯ್ತಾ," ಎಂದ. ಇವರು ಅಂಗಡಿಯಿಂದ ಬಂದು ಅದೇ ಹೇಳಿದರು. ಗಲಾಟೆ ಮಾಡಬಾರದು ಎಂದು ಎಲ್ಲರೂ ಹೇಳುವಾಗ ಒಬ್ಬರಾದರೂ ಮಾಡಲೇಬೇಕು ಎಂದು ಅರ್ಥ. ನಾಳೆ ಹೋಗುತ್ತೇನೆ.

೧೦ ನವೆಂಬರ್, ಬುಧವಾರ

ಹೋದೆ. ಗೇಟಿನ ಒಳಗೆ ಬಿಡುವುದಿಲ್ಲ. ಹೊರಗೆ ರಸ್ತೆಯಲ್ಲಿ ಬಸ್ಸು, ಆಂಬುಲೆನ್ಸು, ರಿಕ್ಷಾ, ಎಲ್ಲದರ ಹಾರ್ನು. ಏವ್ರಿಲ್ ಟೀಚರು ಗೇಟಿನ ಒಳಗೆ, ನಾನು ಹೊರಗೆ. ನಾನು ಮಾತಾಡಿದೆ. ಅವರು "ಎಂತ? ಎಂತ?" ಎಂದರು. ಕೊನೆಗೆ ಮಾಸ್ಕ್ ಗಲ್ಲಕ್ಕೆ ಎಳೆದೇ ಹೇಳಿದೆ, ಇಲ್ಲದಿದ್ದರೆ ಇವರಿಗೆ ಅರ್ಥ ಆಗುವುದು ಹೇಗೆ?

"ನೀವು ಆ ಬಟ್ಟೆ ಕಟ್ಟಿಕೊಂಡು ಪಾಠ ಮಾಡಿದ್ರೆ ನಮ್ಮ ಮಗು ಕಲಿಯುವುದು ಹೇಗೆ? ಅವಳಿಗೆ ನಿಮ್ಮ ಬಾಯಿ ಕಾಣ್ಬೇಕು. ಕ್ಲಾಸಿನಲ್ಲಿ ಅದನ್ನು ತೆಗೀರಿ."

"ಆಗುವುದಿಲ್ಲ."

"ಯಾಕೆ ಆಗುವುದಿಲ್ಲ? ನಿಮ್ಗೆ ಮಗುವಿಗಿಂತ ಜೀವ ದೊಡ್ಡದಾ?"

ಮೂವತ್ತು ದಾಟಿರಲಿಕ್ಕಿಲ್ಲ ಆ ಹುಡುಗಿಗೆ. ಗೇಟಿನ ಹತ್ತಿರಕ್ಕೇ ಬಂದು, "ಮೇ ತಿಂಗಳಲ್ಲಿ ನನ್ನ ಅಪ್ಪ ಹೋದ್ರು. ಸೆವರಿನ್ ಅಂತ. ಮನೆಗೆ ಕಾಯಿಲೆ ತಂದದ್ದು ನಾನೇ ಇರ್ಬೇಕು. ಒಳಗೆ ನಲ್ವತ್ತು ಮಕ್ಕಳಿದ್ದಾರೆ, ಅವರ ಮನೆಯಲ್ಲೆಲ್ಲ ಅಜ್ಜ ಅಜ್ಜಿ ಇದ್ದಾರೆ. ನೀವೂ ಇದ್ದೀರಿ. ನಾನು ತೆಗೆಯುವುದಿಲ್ಲ," ಎಂದಳು.

ನಾನು ಮಾಸ್ಕ್ ಮೇಲೆ ಎಳೆದುಕೊಂಡು ಬಂದೆ.

೧೧ ನವೆಂಬರ್, ಗುರುವಾರ

ನೋಂಬು. ನಿನ್ನೆಯ ಕೋಪ ಇಂದೂ ಇದೆ. ಸತ್ತವರ ಹೆಸರು ಹೇಳಿದವರ ಹತ್ತಿರ ಜಗಳ ಮುಂದುವರಿಸಲಿಕ್ಕೆ ಬರುವುದಿಲ್ಲ. ಅರ್ಧದಲ್ಲಿ ನಿಂತ ಜಗಳ ಹೊಟ್ಟೆಯಲ್ಲಿ ಹುಳಿಯಾಗುತ್ತದೆ. ಸಂಜೆಯ ಅಸರ್ ನಮಾಝಿನಲ್ಲಿ ಆ ಸೆವರಿನ್ ಎಂಬವರ ನೆನಪು ಬಂತು, ನಾನು ಮುಖವನ್ನೂ ಕಂಡವಳಲ್ಲ.

ಹಫ್ಸಾ ಮೊಬೈಲು ತಂದು ತೋರಿಸಿದಳು. ಯಾವುದೋ ದೇಶದಲ್ಲಿ ಟೀಚರುಗಳು ನಡುವೆ ಪಾರದರ್ಶಕ ಪ್ಲಾಸ್ಟಿಕ್ ಇಟ್ಟ ಮಾಸ್ಕ್ ಹಾಕುತ್ತಾರೆ. ತುಟಿ, ಹಲ್ಲು, ನಗು ಎಲ್ಲ ಕಾಣುತ್ತದೆ.

"ಆ ದೇಶದವರಿಗೆ ಬೇರೆ ಕೆಲಸ ಇಲ್ಲ," ಎಂದೆ.

"ಕಿವಿಯ ಡಾಕ್ಟ್ರು ನಮ್ಗೂ ಹೇಳಿದ್ರಲ್ಲ ಮಾಮಿ. ಬೆಳಕಿನ ಕಡೆ ಮುಖ ಮಾಡಿ ಮಾತಾಡ್ಬೇಕು, ಕಿರುಚಬಾರ್ದು, ಬಾಯಿ ಕಾಣ್ಬೇಕು ಅಂತ."

"ನನಗೆ ಪಾಠ ಮಾಡ್ಬೇಡ. ನನ್ನ ಮಾತು ಅವಳಿಗೆ ಸರೀ ಅರ್ಥ ಆಗ್ತದೆ. ಇವತ್ತೇ ನೋಡು."

ನಿಜವಾಗಿ ಇಂದು ಇಡೀ ದಿನ ಅವಳು ಹೇಳಿದ ಕೆಲಸ ಹೇಳಿದ ಹಾಗೆ ಮಾಡಿದ್ದಾಳೆ. ವಾರದಲ್ಲಿ ಇನ್ನೊಂದು ನೋಂಬು ಹಿಡಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ.

೧೫ ನವೆಂಬರ್, ಸೋಮವಾರ

ಹೊಲಿಗೆ ಮಿಷನ್ನಿಗೆ ಎಣ್ಣೆ ಹಾಕಿ ಕೂತೆ. ಇವರ ಅಂಗಡಿಯಲ್ಲಿ ಮೇಜಿಗೆ ಹಾಸುವ ಪ್ಲಾಸ್ಟಿಕ್ ಶೀಟ್ ಉಂಟಲ್ಲ, ಅದರಲ್ಲಿ ತೆಳ್ಳಗಿನದ್ದನ್ನು ತರಿಸಿದ್ದೆ. ಸುತ್ತ ಮೂರು ಪದರ ಹತ್ತಿಬಟ್ಟೆ, ನಡುವೆ ಅಂಗೈ ಅಗಲದ ಪ್ಲಾಸ್ಟಿಕ್. ಮೊದಲನೆಯದು ಸೂಜಿ ಹೊಡೆದ ಕಡೆಯೆಲ್ಲ ಹರಿಯಿತು, ಒಲೆಗೆ ಹಾಕಿದೆ. ಎರಡನೆಯದು ಕೋಳಿಯ ಕೊಕ್ಕಿನ ಹಾಗೆ ಮುಂದಕ್ಕೆ ಚಾಚಿತು. ಮೂರನೆಯದು ಮುಖಕ್ಕೆ ಕೂತಿತು. ಆದರೆ ಎರಡು ಮಾತಾಡುವಷ್ಟರಲ್ಲಿ ಉಸಿರಿನ ಹಬೆ ಹಿಡಿದು ಪ್ಲಾಸ್ಟಿಕ್ ಎಲ್ಲ ಮಂಜು. ನಮ್ಮ ಊರಿನ ಸೆಕೆಗೆ ಇನ್ನೇನಾದೀತು!

ಮಿಷನ್ನನ್ನು ಬೈಯುತ್ತಾ ಇದ್ದೆ. ಇವರು ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಎಂತ ನಗುವುದು?"

"ನನ್ನ ಕನ್ನಡಕಕ್ಕೂ ಮಾಸ್ಕ್ ಹಾಕಿದ್ರೆ ಹೀಗೇ ಆಗ್ತದೆ ಮುಮ್ತಾಝ್. ನಾನು ದಿನಾ ಬೆಳಿಗ್ಗೆ ಒಣ ಸೋಪು ಉಜ್ಜಿ ಬಟ್ಟೆಯಲ್ಲಿ ಒರೆಸುವುದು. ಮಧ್ಯಾಹ್ನದವರೆಗೆ ಹಬೆ ಇಲ್ಲ."

"ಇದನ್ನು ಮೊದ್ಲೇ ಹೇಳ್ಲಿಕ್ಕೆ ಏನಾಗಿತ್ತು?"

"ನೀನು ಮೊದ್ಲೇ ಕೇಳಿದ್ರೆ ಅಲ್ವಾ?"

ಉಜ್ಜಿದೆ. ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ಝಹ್ರಾಳನ್ನು ಕರೆದೆ. "ಗುಬ್ಬಿ" ಎಂದೆ, ಮೆಲ್ಲಗೆ. ಅವಳು "ಗುಬ್ಬಿ" ಎಂದಳು. "ಕಪ್ಪೆ." "ಕಪ್ಪೆ." "ನಿನ್ನ ಅಜ್ಜ ಒಬ್ಬ ಮಳ್ಳ." ನಕ್ಕು ಅಜ್ಜನ ಹಿಂದೆ ಓಡಿದಳು, ಹೇಳಿದ್ದನ್ನು ಹೇಳಿದ ಹಾಗೆ ಹೇಳಲಿಕ್ಕೆ.

೧೬ ನವೆಂಬರ್, ಮಂಗಳವಾರ

ಬೆಳಿಗ್ಗೆ ಝಹ್ರಾಳ ಜೊತೆ ಗೇಟಿಗೆ ಹೋದೆ. ಮಾಸ್ಕನ್ನು ಕವರಿನಲ್ಲಿ ಹಾಕಿ ಏವ್ರಿಲ್ ಟೀಚರಿಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು.

"ತೊಳೆದದ್ದಾ?"

"ಕುದಿಯುವ ನೀರಿಗೆ ಹಾಕಿದ್ರೆ ಪ್ಲಾಸ್ಟಿಕ್ ಮುದುಡ್ತದೆ. ಸೋಪು ನೀರಲ್ಲಿ ತೊಳೆದು ಬಿಸಿಲಿಗೆ ಹಾಕಿದ್ದು. ಮೂರು ಪದರ ಉಂಟು. ನಿಮ್ಮ ಅಪ್ಪನ ವಿಷಯ ನಾನು ಮರೆತಿಲ್ಲ."

"ಅಳತೆ ಯಾರದ್ದು?"

"ನನ್ನದು. ನನ್ನ ಗಲ್ಲ ದೊಡ್ಡದು."

ಅವರು ದೂರ ಹೋಗಿ, ತಿರುಗಿ ನಿಂತು, ಬದಲಿಸಿಕೊಂಡರು. ಸಡಿಲ ಇತ್ತು. ಬುರ್ಖಾದ ಪಿನ್ನು ತೆಗೆದು ಕೊಟ್ಟೆ, ಇಲಾಸ್ಟಿಕ್ ಮಡಿಸಿ ಚುಚ್ಚಿಕೊಂಡರು. ಈ ಕಡೆ ತಿರುಗಿದರು.

ಝಹ್ರಾ ನನ್ನ ಕೈ ಬಿಟ್ಟಳು. "ಏವ್ರಿಲ್ ಮಿಸ್!" ಎಂದು ಕೂಗಿದಳು. ಓಡಿಹೋಗಿ ಸೊಂಟ ಹಿಡಿದುಕೊಂಡು, "ಮಿಸ್, ನೀವು ಇಷ್ಟು ದಿನ ಎಲ್ಲಿ ಹೋಗಿದ್ರಿ?" ಎಂದು ಕೇಳಿದಳು.

ಬರುವಾಗ ದಾರಿ ಇಡೀ ಬೈದೆ. ಅಡ್ಡ ನಿಲ್ಲಿಸಿದ ರಿಕ್ಷಾದವನನ್ನು, ಕೆಟ್ಟ ಮೀನು ಕೊಟ್ಟವನನ್ನು, ಚರಂಡಿಯ ಕಲ್ಲು ಹಾಕದ ಕಾರ್ಪೊರೇಶನ್ನನ್ನು. ಮೀನು ಒಳ್ಳೆಯದೇ ಇತ್ತು ಎಂದು ಹಫ್ಸಾ ಆಮೇಲೆ ಹೇಳಿದಳು.

೨೩ ನವೆಂಬರ್, ಮಂಗಳವಾರ

ಝಹ್ರಾ ದಿನವೂ ಬಂದು ಮಾತೇ ಮಾತು. ಮಿಸ್ ಹಾಗೆ ಹೇಳಿದರು, ಮಿಸ್ ಹೀಗೆ ಹೇಳಿದರು. ಮಕ್ಕಳು ಅವರಿಗೆ ಮೀನಿನ ತೊಟ್ಟಿ ಮಿಸ್ ಎಂದು ಹೆಸರಿಟ್ಟಿದ್ದಾರಂತೆ. ಟೀಚರು ಅದಕ್ಕೆ ಮೀನಿನ ಹಾಗೆ ಬಾಯಿ ತೆರೆದು ತೋರಿಸಿದರಂತೆ.

ಅಡುಗೆಮನೆಯಲ್ಲಿ ನಾನು ತರಕಾರಿ ಹೆಚ್ಚುವ ಮಣೆಯನ್ನು ಕಿಟಕಿಯ ಎದುರಿಗೆ ಹಾಕಿಕೊಂಡಿದ್ದೇನೆ. ಅಲ್ಲಿ ಗಾಳಿ ಒಳ್ಳೆಯದು.

ಬೀಫಾತಿಮ್ಮ ತನ್ನ ಎಲೆ ಅಡಿಕೆಯ ಪೆಟ್ಟಿಗೆಯ ಮುಚ್ಚಳ ಮುರಿಯಿತು ಎಂದು ನನ್ನದನ್ನು ಕೊಂಡುಹೋಗಿದ್ದಾಳೆ. ವಾಪಸು ಕೊಡುವ ಬುದ್ಧಿ ಅವಳಿಗಿಲ್ಲ.

೩ ಡಿಸೆಂಬರ್, ಶುಕ್ರವಾರ

ಹೆಡ್ ಮಿಸ್ ನಾನು ಹೊಲಿದ ಮಾಸ್ಕ್ ತೆಗೆಸಿದರು.

ಯಾರೋ ಪೋಷಕರು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ ನಕ್ಕರಂತೆ. ಮೇಲಾಗಿ ಹೊಸ ಥರದ ಕಾಯಿಲೆ ಬಂದಿದೆ ಎಂದು ನಿನ್ನೆಯಿಂದ ಟಿ.ವಿ.ಯಲ್ಲಿ ಬೊಬ್ಬೆ. "ಮನೆಯಲ್ಲಿ ಹೊಲಿದದ್ದು ಎಲ್ಲ ನಡೆಯುವುದಿಲ್ಲ," ಎಂದರಂತೆ. ಅಲ್ಲ, ಬಟ್ಟೆಯ ಮಾಸ್ಕನ್ನು ಮತ್ತೆಲ್ಲಿ ಹೊಲಿಯುತ್ತಾರೆ, ಆಕಾಶದಲ್ಲಾ?

ಝಹ್ರಾ ಊಟ ಮಾಡಲಿಲ್ಲ. ಬರೆಯಲಿಕ್ಕೆ ನನಗೂ ಕೈ ಬರುವುದಿಲ್ಲ.

೬ ಡಿಸೆಂಬರ್, ಸೋಮವಾರ

ನೋಂಬು. ಇನ್ನೊಮ್ಮೆ ಗೇಟಿಗೆ ಹೋಗುವುದೆಂದು ಬುರ್ಖಾ ತೊಟ್ಟು ನಿಂತಿದ್ದೆ. ಹಫ್ಸಾ, "ಮಾಮಿ, ನೀವು ಕೂತ್ಕೊಳ್ಳಿ," ಎಂದು ಮೊಬೈಲು ತೆಗೆದು ಹೆಡ್ ಮಿಸ್ಸಿಗೇ ಫೋನ್ ಮಾಡಿದಳು. ಸ್ವರ ನಡುಗಲಿಲ್ಲ.

"ನೋ ಮಿಸ್. ಒಂದನೇ ಕ್ಲಾಸಿಗೆ ಬೇಡ ಮಿಸ್. ನೀವು ಒಂದ್ಸಲ ಆ ಕ್ಲಾಸಿನಲ್ಲಿ ಕೂತು ನೋಡಿ, ಆಮೇಲೆ ಹೇಳಿ."

ನೋ ಎಂದದ್ದನ್ನು ನನ್ನ ಕಿವಿಯಿಂದ ಕೇಳಿದೆ. ಇವಳಿಗೆ ಇದನ್ನು ಯಾರು ಕಲಿಸಿದರೋ ಗೊತ್ತಿಲ್ಲ.

೧೩ ಡಿಸೆಂಬರ್, ಸೋಮವಾರ

ಸಂಜೆ ನೋಂಬು ತೆರೆಯುವ ಹೊತ್ತಿಗೆ ಸರಿಯಾಗಿ ಏವ್ರಿಲ್ ಟೀಚರು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿದೆವು, ದೂರ ದೂರ. ಹೆಡ್ ಮಿಸ್ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರಂತೆ. ಟೀಚರು ಮೊದಲು ಬಟ್ಟೆಯ ಮಾಸ್ಕ್ ಹಾಕಿ ಉಕ್ತಲೇಖನ ಕೊಟ್ಟರು, ಆಮೇಲೆ ಕಿಟಕಿ ಮಾಸ್ಕ್ ಹಾಕಿ ಇನ್ನೊಂದು.

"ಝಹ್ರಾ ಒಬ್ಬಳೇ ಅಲ್ಲ ಇವ್ರೇ. ತುಂಬಾ ಮಕ್ಕಳು ಎರಡನೇದ್ರಲ್ಲಿ ಚೆನ್ನಾಗಿ ಬರ್ದಿದ್ದಾರೆ. ಎರಡು ವರ್ಷ ಶಾಲೆಯೇ ಕಾಣದ ಮಕ್ಕಳು. ಪ ಯಾವುದು, ಬ ಯಾವುದು, ಮ ಯಾವುದು, ಎಲ್ಲ ತುಟಿ ನೋಡಿಯೇ ಕಲಿಯುವುದು. ಮಾತೇ ಆಡದ ಒಂದು ಹುಡುಗ ಇದ್ದಾನೆ, ಅವನು ನಾನು ನಕ್ಕದ್ದು ಕಂಡು ನಕ್ಕ."

"ಹೆಡ್ ಮಿಸ್ ಎಂತ ಹೇಳಿದ್ರು?"

"ಎಂತದೂ ಹೇಳ್ಲಿಲ್ಲ. ಪೇಪರೆಲ್ಲ ಎತ್ಕೊಂಡು ಹೋದ್ರು. ಶನಿವಾರ ಮೀಟಿಂಗ್ ಉಂಟು. ಕಿಟಕಿ ಮಾಸ್ಕ್ ಬೇಕಾ ಬೇಡ್ವಾ, ಝಹ್ರಾ ಎರಡನೇ ಕ್ಲಾಸಾ ಒಂದನೆಯದಾ, ಎಲ್ಲ ಅಲ್ಲೇ. ಸೋಮವಾರ ನನಗೆ ಗೊತ್ತಾಗ್ತದೆ."

ಅಕ್ಕಿರೊಟ್ಟಿ ಪತ್ತಿರ್ ಮತ್ತು ಕೋಳಿಸಾರು ಕೊಟ್ಟೆ. ತಿನ್ನಲಿಕ್ಕೆ ಮಾಸ್ಕ್ ತೆಗೆಯುವಾಗ ನಮಗೆ ಬೆನ್ನು ಮಾಡಿ ಕೂತರು. ಝಹ್ರಾ ಸುತ್ತು ಹಾಕಿ ಎದುರಿಗೆ, ಅಂಗಳದ ಆ ತುದಿಯಲ್ಲಿ ಹೋಗಿ ನಿಂತಳು.

ಹೋಗುವಾಗ ಟೀಚರು, "ಇವಳು ಕ್ಲಾಸಿನಲ್ಲಿ ನಿಮ್ಮ ಹಾಗೇ ಮಾತಾಡ್ತಾಳೆ, ಬೈಗುಳ ಸಮೇತ," ಎಂದರು. ಹೊಗಳಿದ್ದೋ ದೂರು ಹೇಳಿದ್ದೋ ತಿಳಿಯಲಿಲ್ಲ.

೧೫ ಡಿಸೆಂಬರ್, ಬುಧವಾರ

ಹುಳಿ ಹಿಂಡುತ್ತಾ ಝಹ್ರಾಳಿಗೆ ಏನೋ ಹೇಳುತ್ತಿದ್ದೆ. ಅವಳು ನನ್ನ ಗಲ್ಲ ಹಿಡಿದು, "ಇವತ್ತು ನೋಂಬಾ ಉಮ್ಮಮ್ಮ?" ಎಂದಳು.

"ಬುಧವಾರ ಎಂತ ನೋಂಬು? ಈಗ ಗಂಜಿ ಕುಡಿದದ್ದು ನೀನು ಕಾಣ್ಲಿಲ್ವಾ?"

"ಮತ್ತೆ ನಿಮ್ಮ ಬಾಯಿ ಖಾಲಿ ಉಂಟಲ್ಲ. ಎಲೆ ಇಲ್ಲದ ದಿನ ನಂಗೆ ನಿಮ್ಮ ಮಾತು ಕಾಣ್ತದೆ."

ಹುಳಿಯ ಪಾತ್ರೆ ಹಿಡಿದು ಎದ್ದು ಸಾರು ಕುದಿಸಿದೆ. ಉಪ್ಪು ಹಾಕಲಿಕ್ಕೆ ಮರೆತೆ. ಇವರು ಎಂದಿನ ಮುಖದಲ್ಲೇ ಉಂಡು ಹೋದರು.

೧೭ ಡಿಸೆಂಬರ್, ಶುಕ್ರವಾರ

ಬೀಫಾತಿಮ್ಮಳ ಮನೆಗೆ ಝಹ್ರಾಳನ್ನು ಕಳಿಸಿದೆ, ದೊಡ್ಡ ಸೌಟು ಉಂಟಾ ಎಂದು ಕೇಳಲಿಕ್ಕೆ. ಚೀಟಿ ಇಲ್ಲ. ಸೌಟು ಹಿಡಿದುಕೊಂಡು ಬಂದು, ಸೊಂಟಕ್ಕೆ ಕೈ ಕೊಟ್ಟು, ಥೇಟ್ ಬೀಫಾತಿಮ್ಮಳ ಹಾಗೆ ಮೂತಿ ಮಾಡಿ ಹೇಳಿದಳು:

"ನಿನ್ನ ಉಮ್ಮಮ್ಮನಿಗೆ ಹೇಳು, ಸೌಟು ನೆನಪಾಗ್ತದೆ, ಎಲೆಪೆಟ್ಟಿಗೆ ಕೊಂಡುಹೋಗ್ಲಿಕ್ಕೆ ನೆನಪಾಗುವುದಿಲ್ವಾ? ಮುಚ್ಚಳ ತುಕ್ಕು ಹಿಡೀತಾ ಉಂಟು."

"ಅಷ್ಟನ್ನೂ ಅವಳೇ ಹೇಳಿದ್ದಾ?"

"ಹೌದು. ನಾನು ಮೊದ್ಲು ಮುಖದ ಬಟ್ಟೆ ತೆಗೀರಿ, ದೂರ ನಿಂತು ಹೇಳಿ ಅಂದೆ. ತೆಗೆದ್ರು."

ಬೀಫಾತಿಮ್ಮಳಿಗೆ ಸೊಕ್ಕು. ಪೆಟ್ಟಿಗೆ ಅವಳೇ ಇಟ್ಟುಕೊಳ್ಳಲಿ.

೧೯ ಡಿಸೆಂಬರ್, ಭಾನುವಾರ

ನಿನ್ನೆ ಮೀಟಿಂಗ್ ಆಗಿದೆ. ಏನಾಯಿತೆಂದು ಯಾರೂ ಹೇಳಲಿಲ್ಲ. ಅವರು ಬೇಡ ಎಂದಿದ್ದರೆ ಏನು ಮಾಡಬೇಕೆಂದು ನಾನು ನಿಶ್ಚಯಿಸಿ ಆಗಿದೆ. ಗೇಟು ಅಲ್ಲೇ ಉಂಟು, ನನ್ನ ಕಾಲೂ ಗಟ್ಟಿ ಉಂಟು. ಈ ಸಲ ಹಫ್ಸಾಳೂ ಬರುತ್ತಾಳೆ. ಬೇಕು ಎಂದಿದ್ದರೂ ಇರಲಿ ಎಂದು ಇನ್ನೂ ಕೆಲವು ಹೊಲಿದು, ಸೋಪು ಉಜ್ಜಿ, ಒರೆಸಿ ಇಟ್ಟಿದ್ದೇನೆ. ಒಂದನ್ನು ಹೆಡ್ ಮಿಸ್ಸಿನ ಅಳತೆಗೆ, ಅಂದಾಜಿನಲ್ಲಿ.

"ನಾಳೆ ಹತ್ತು ಗಂಟೆಗೆ ನಾನು ಫೋನ್ ಮಾಡಿ ಕೇಳ್ತೇನೆ ಮಾಮಿ," ಎಂದಳು ಹಫ್ಸಾ.

"ಬೇಡ. ಯಾರೂ ಫೋನ್ ಮಾಡ್ಲಿಕ್ಕಿಲ್ಲ."

"ಸಂಜೆವರೆಗೆ ಕಾಯ್ಬೇಕಾ? ನಿಮ್ಗೆ ನಾಳೆ ನೋಂಬು ಬೇರೆ."

"ಕಾಯ್ತೇನೆ."

ಝಹ್ರಾಳನ್ನು ಕರೆದು ಕಿಟಕಿಯ ಎದುರು, ನನ್ನ ಮೊಣಕಾಲಿಗೆ ತಾಗಿಸಿ ಕೂರಿಸಿದೆ. ಬೆಳಕು ನನ್ನ ಮುಖದ ಮೇಲಿತ್ತು. ಒಂದೇ ಸಲ ಹೇಳಿದೆ, ಕೂಗಲಿಲ್ಲ.

"ನಾಳೆ ಏವ್ರಿಲ್ ಮಿಸ್ ಹತ್ರ ಹೋಗಿ ಕೇಳು. ಝಹ್ರಾ ಎರಡನೇ ಕ್ಲಾಸಿನಲ್ಲೇ ಇರುವುದಾ, ಕಿಟಕಿ ಮಾಸ್ಕ್ ಇನ್ನು ದಿನಾ ಹಾಕ್ತೀರಾ ಅಂತ ನನ್ನ ಉಮ್ಮಮ್ಮ ಕೇಳಿದ್ದಾರೆ ಅಂತ ಹೇಳು."

ಅವಳು ಒಂದು ಅಕ್ಷರ ಬಿಡದೆ ಹಿಂದಕ್ಕೆ ಹೇಳಿದಳು. ಹೇಳಿ, "ಮಿಸ್ ಚೀಟಿ ಬರೆದು ಕೊಟ್ರೆ?" ಎಂದು ಕೇಳಿದಳು.

"ಚೀಟಿ ತಕ್ಕೊಳ್ಬೇಡ. ಬಾಯಲ್ಲೇ ಹೇಳಿ ಅಂತ ಹೇಳು. ಅವರ ಬಾಯಿ ನೋಡಿ, ಅವರು ಎಂತ ಹೇಳ್ತಾರೋ ಹಾಗೇ ನನ್ನ ಉತ್ತರ ನೀನೇ ತಾ, ಮಗಳೇ."